ರೊಟ್ಟಿ ಬುತ್ತಿಯ ಜತೆ ಒಂದು ಪಾಠ

ಗುಳೆ ಹೊರಡುವ ಮನೆ ಯಾವುದೆಂದು ಎರಡು ದಿನ ಮೊದಲೇ ಓಣಿಗೆಲ್ಲ ಗೊತ್ತಾಗುತ್ತದೆ. ಆ ಮನೆಯ ಒಲೆ ಆರುವುದಿಲ್ಲ. ನಸುಕಿನಿಂದಲೇ ರೊಟ್ಟಿ ಬಡಿಯುವ ಸಪ್ಪಳ. ಬೆಂದ ರೊಟ್ಟಿಯನ್ನು ಬಿಸಿಲಿಗೆ ಹರವಿ ಕಟಕ ಮಾಡಿ, ಹಳೆಯ ಧೋತರದಲ್ಲಿ ಸುತ್ತಿ ಇಡುತ್ತಾರೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಡಬ್ಬಿಗೆ ಸೇರುತ್ತವೆ. ಕೌದಿ, ಎರಡು ಬೋಗುಣಿ, ಒಂದು ಹಂಚು, ಕೂಸಿಗೆ ಜೋಳಿಗೆ ಕಟ್ಟಲು ಒಂದು ಸೀರೆ. ಶಾಲೆಗೆ ಹೋಗುವ ಮಗನನ್ನು ಅಜ್ಜಿಯ ಬಳಿ ಬಿಟ್ಟು, ರೇಷನ್ ಕಾರ್ಡನ್ನೂ ಆಕೆಯ ಕೈಗೇ ಕೊಡುತ್ತಾರೆ. ರಾತ್ರಿ ಊಟದ ಹೊತ್ತು ಮೀರಿದ ಮೇಲೆ ಕ್ರೂಸರ್ ಬಂದು ಅಗಸಿಯ ಬಳಿ ನಿಲ್ಲುತ್ತದೆ, ಗಂಟುಮೂಟೆ ಮೇಲೇರುತ್ತದೆ. ನಮ್ಮ ರಾಯಚೂರು ಜಿಲ್ಲೆಯಲ್ಲಿ ಗುಂಜಹಳ್ಳಿ ಕಡೆಯಿಂದ ಹಿಡಿದು ಮಾನ್ವಿ, ಸಿರವಾರ, ದೇವದುರ್ಗದ ಸೀಮೆಯವರೆಗೆ ಈ ನೋಟ ಕಂಡಿರದ ಊರು ಕಡಿಮೆ.

ಇಷ್ಟೆಲ್ಲ ಕಟ್ಟಿಕೊಂಡು ಹೋಗುವವರ ಜತೆ ಒಂದು ಮಾತ್ರ ಹೋಗುವುದಿಲ್ಲ. ನಾಳೆಯಿಂದ ಮಾಡಲಿರುವ ಕೆಲಸ ಎಂಥದ್ದು, ಅದರಲ್ಲಿ ಜೀವಕ್ಕೆ ಕುತ್ತು ಎಲ್ಲಿದೆ, ಏನಾದರೂ ಆದರೆ ಯಾರನ್ನು ಕೇಳಬೇಕು ಎಂಬ ತಿಳಿವಳಿಕೆ. ಹತ್ತಿ ಬಿಡಿಸುವುದರಲ್ಲಿ, ಜೋಳ ಕೊಯ್ಯುವುದರಲ್ಲಿ ಪಳಗಿದ ಕೈ ಒಂದು ರಾತ್ರಿಯ ಪ್ರಯಾಣ ಮುಗಿಯುವಷ್ಟರಲ್ಲಿ ಐದನೆಯ ಅಂತಸ್ತಿನ ಸಾರುವೆಯ ಮೇಲೆ ಇಟ್ಟಿಗೆ ಹಿಡಿದು ನಿಂತಿರುತ್ತದೆ. ನಡುವೆ ಯಾರೂ ಏನೂ ಕಲಿಸಿರುವುದಿಲ್ಲ. ಕೂಲಿಕಾರರ ಸುರಕ್ಷತೆಯ ಪಾಠ ಅವರು ಕೆಲಸ ಮಾಡುವ ನಗರದಲ್ಲಿ ಶುರುವಾಗಬೇಕು ಎಂದು ನಾವು ಇಷ್ಟು ದಿನ ನಂಬಿದ್ದೇವೆ. ಅದು ಶುರುವಾಗಬೇಕಾದದ್ದು ರೊಟ್ಟಿ ಕಟ್ಟುವ ಈ ಮನೆಯಲ್ಲಿ, ಈ ಎರಡು ದಿನಗಳಲ್ಲಿ ಎಂಬುದು ನನ್ನ ನಂಬಿಕೆ.

ಏಕೆಂದರೆ ಅಪಾಯವೂ ಇಲ್ಲಿಂದಲೇ ಶುರುವಾಗುತ್ತದೆ. 2022ರ ಆಗಸ್ಟ್ 25ರ ನಸುಕನ್ನು ರಾಯಚೂರು ಜಿಲ್ಲೆ ಮರೆಯಲಾರದು. ಬೆಂಗಳೂರಿಗೆ ದುಡಿಯಲು ಹೊರಟಿದ್ದ ನಮ್ಮ ಜಿಲ್ಲೆಯ ಕೂಲಿ ಕುಟುಂಬಗಳನ್ನು ತುಂಬಿಕೊಂಡಿದ್ದ ಕ್ರೂಸರ್ ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಕಳ್ಳಂಬೆಳ್ಳದ ಬಳಿ ಲಾರಿಗೆ ಬಡಿಯಿತು. ಮಕ್ಕಳೂ ಸೇರಿ ಒಂಬತ್ತು ಜನ ಸತ್ತರು. ಹತ್ತು ಹನ್ನೆರಡು ಜನ ಕೂರಬಹುದಾದ ಗಾಡಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರಿದ್ದರು. ಅವರಲ್ಲಿ ಯಾರೂ ಇನ್ನೂ ಒಂದು ಬುಟ್ಟಿ ಕಾಂಕ್ರೀಟ್ ಹೊತ್ತಿರಲಿಲ್ಲ, ಒಂದು ದಿನದ ಕೂಲಿ ಎಣಿಸಿರಲಿಲ್ಲ. ಕೆಲಸದ ಜಾಗ ತಲುಪುವ ಮೊದಲೇ ಕೆಲಸ ಅವರನ್ನು ಕೊಂದಿತು. ಅದಕ್ಕೇ ಮೊದಲ ಪಾಠ ಗಾಡಿಯದು. ರಾತ್ರಿಯೆಲ್ಲ ಒಬ್ಬನೇ ಡ್ರೈವರ್ ಓಡಿಸುವ ಗಾಡಿ, ಮೇಲೆ ಮೂಟೆ, ಒಳಗೆ ಒಬ್ಬರ ತೊಡೆಯ ಮೇಲೊಬ್ಬರು. ಟಂಟಂ ಅಥವಾ ಸರಕಿನ ಟೆಂಪೊ ಆದರೆ ಇನ್ನೊಂದು ಕುತ್ತೂ ಇದೆ. ಸರಕು ಸಾಗಿಸುವ ಗಾಡಿಯಲ್ಲಿ ಪ್ರಯಾಣಿಕರಾಗಿ ಕೂತವರಿಗೆ ಅಪಘಾತವಾದರೆ ವಿಮಾ ಕಂಪನಿ ಹೊಣೆ ಹೊರುವುದಿಲ್ಲ. ಅದು ಸರಕಿನ ಗಾಡಿಯ ವಿಮೆ, ಪ್ರಯಾಣಿಕರ ವಿಮೆಯಲ್ಲ. ಸರ್ಕಾರಿ ಬಸ್ಸಿನ ಟಿಕೀಟಿಗೆ ಕೊಡುವ ನೂರಿನ್ನೂರು ರೂಪಾಯಿ ಹೆಚ್ಚಿನ ಹಣದಲ್ಲಿ ಏನೇನು ಸೇರಿದೆ ಎಂದು ನಾವು ಯಾರಾದರೂ ಅವರಿಗೆ ಬಿಡಿಸಿ ಹೇಳಿದ್ದೇವೆಯೇ?

ಜನ ಸುಮ್ಮನೆ ಊರು ಬಿಡುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ. ಎರಡು ನದಿಗಳ ನಡುವಿನ ದೋಆಬ್ ಎಂದು ಚರಿತ್ರೆಯ ಪುಸ್ತಕಗಳು ಹೊಗಳುವ ನೆಲ ಇದು. ಆದರೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದ ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕಿನ ಹೊಲಗಳಿಗೆ ನೀರು ಬರುತ್ತದೆಯೇ ಎಂಬುದು ಪ್ರತಿ ವರ್ಷದ ಜಗಳ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಮಾಡಿದಾಗ ದೇವದುರ್ಗ, ಮಾನ್ವಿ ಎರಡೂ ಅದರಲ್ಲಿದ್ದವು. 2006ರ ಫೆಬ್ರುವರಿಯಲ್ಲಿ ಉದ್ಯೋಗ ಖಾತ್ರಿ ಯೋಜನೆ ರಾಜ್ಯದ ಐದು ಜಿಲ್ಲೆಗಳಲ್ಲಿ ಮೊದಲು ಕಾಲಿಟ್ಟಿತು. ರಾಯಚೂರು ಅವುಗಳಲ್ಲೊಂದು. ಆದರೂ ಗುಳೆ ನಿಂತಿಲ್ಲ.

ಇನ್ನು ಕಾನೂನಿನ ಒಂದು ವಿಚಿತ್ರ. 1979ರಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂತು. ಫೋಟೊ ಇರುವ ಪಾಸ್‌ಬುಕ್ ಕೊಡಬೇಕು, ಹೋಗಿಬರುವ ಖರ್ಚು ಕೊಡಬೇಕು, ಉಚಿತ ವೈದ್ಯಕೀಯ ನೆರವು ಕೊಡಬೇಕು, ಸಾವು ಅಥವಾ ದೊಡ್ಡ ಗಾಯವಾದರೆ ಗುತ್ತೇದಾರ ಎರಡೂ ರಾಜ್ಯಗಳ ಅಧಿಕಾರಿಗಳಿಗೂ ಊರಿನಲ್ಲಿರುವ ಬಂಧುಗಳಿಗೂ ತಿಳಿಸಬೇಕು ಎಂದು ಅದು ಹೇಳಿತು. ಒಳ್ಳೆಯ ಮಾತುಗಳೇ. ಆದರೆ ರಾಜ್ಯದ ಗಡಿ ದಾಟಿದವರಿಗೆ ಮಾತ್ರ ಅದು ಲಾಗೂ. ಇನ್ನೂರಕ್ಕೂ ಹೆಚ್ಚು ಕಿಲೊಮೀಟರ್ ದೂರದ ಹೈದರಾಬಾದಿಗೆ ಹೋದ ದೇವದುರ್ಗದವನು ವಲಸೆ ಕಾರ್ಮಿಕ. ಅದರ ಸುಮಾರು ಎರಡರಷ್ಟು ದೂರದ ಬೆಂಗಳೂರಿಗೆ ಹೋದ ಅವನ ತಮ್ಮ ಅಲ್ಲ. ಈ ಕಾಯ್ದೆಯನ್ನು ನುಂಗಿಕೊಂಡ ಹೊಸ ಕಾರ್ಮಿಕ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಗುತ್ತೇದಾರನಿಲ್ಲದೆ ತಾನಾಗಿ ಹೋದವನನ್ನೂ ಅದು ಲೆಕ್ಕಕ್ಕೆ ತೆಗೆದುಕೊಂಡಿದೆ. ಆದರೆ ಗಡಿ ದಾಟಬೇಕೆಂಬ ಮಾತು ಅಲ್ಲೂ ಉಳಿದಿದೆ. ಭಾಷೆ ಬದಲಾಗದಿರಬಹುದು. ಊರು, ಮನೆ, ಪರಿಚಯ, ಆಸ್ಪತ್ರೆ ಎಲ್ಲವೂ ಬದಲಾದ ಮನುಷ್ಯ ವಲಸಿಗನಲ್ಲದೆ ಮತ್ತೇನು?

ಈಗ ಕೆಲಸದ ಜಾಗಕ್ಕೆ ಬರೋಣ. ನಮ್ಮ ಜನಕ್ಕೆ ಏನೂ ಗೊತ್ತಿಲ್ಲ, ಎಲ್ಲವನ್ನೂ ಮೊದಲಿನಿಂದ ಕಲಿಸಬೇಕು ಎಂದುಕೊಂಡು ಪಾಠ ಮಾಡಲು ಬರುವವರನ್ನು ನಾನು ಕಂಡಿದ್ದೇನೆ. ಅದು ತಪ್ಪು ತಿಳಿವಳಿಕೆ. ಎರೆಭೂಮಿಯ ಮನುಷ್ಯನಿಗೆ ಮಣ್ಣಿನ ಗುಣ ಇಂಜಿನಿಯರಿಗಿಂತ ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ಎರೆ ಹೇಗೆ ಬಾಯಿ ಬಿಡುತ್ತದೆ, ಮಳೆ ಬಿದ್ದರೆ ಹೇಗೆ ಉಬ್ಬಿ ಅಂಟಾಗುತ್ತದೆ, ಹಳ್ಳದ ದಂಡೆ ಯಾವಾಗ ಕುಸಿಯುತ್ತದೆ ಎಂದು ಅವನಿಗೆ ಯಾರೂ ಹೇಳಬೇಕಿಲ್ಲ. ಅವನಿಗೆ ಹೇಳಬೇಕಾದದ್ದು ಇಷ್ಟೆ: ನಗರದಲ್ಲಿ ಪೈಪು ಹೂಳಲು ತೋಡುವ ಕಾಲುವೆಯೂ ಅದೇ ಹಳ್ಳದ ದಂಡೆ. ಒಂದೂವರೆ ಮೀಟರಿಗಿಂತ ಆಳಕ್ಕೆ ಇಳಿದರೆ ಎರಡೂ ಬದಿಗೆ ಹಲಗೆ ಕೊಟ್ಟು ಆನಿಸಿರಬೇಕು. ತೋಡಿದ ಮಣ್ಣನ್ನು ಅಂಚಿನಲ್ಲೇ ಗುಡ್ಡೆ ಹಾಕಬಾರದು. ಹತ್ತಿ ಬರಲು ಏಣಿ ಹತ್ತಿರದಲ್ಲೇ ಇರಬೇಕು. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ ತೂಗುತ್ತದೆ. ಎದೆಯ ಮಟ್ಟಕ್ಕೆ ಮಣ್ಣು ಬಿದ್ದರೂ ಸಾಕು, ಮುಖ ಹೊರಗಿದ್ದರೂ ಉಸಿರೆಳೆಯಲು ಎದೆ ಹಿಗ್ಗುವುದಿಲ್ಲ. ಇದನ್ನು ಒಮ್ಮೆ ಕೇಳಿದ ಒಕ್ಕಲಿಗ ಮರೆಯುವುದಿಲ್ಲ. ಅವನ ಅನುಭವಕ್ಕೆ ಗಂಟು ಹಾಕಿದ ಮಾತು ಅದು.

ಬಾವಿಯದೂ ಹಾಗೆಯೇ. ಬಹಳ ದಿನ ಮುಚ್ಚಿದ್ದ ಹಾಳುಬಾವಿಗೆ, ಹಗೇವಿಗೆ ಏಕಾಏಕಿ ಇಳಿಯಬಾರದು ಎಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಜೋಳ ತುಂಬುವ ಹಗೇವಿನ ಬಾಯಿ ತೆರೆದು, ಗಾಳಿ ಆಡಲು ಬಿಟ್ಟು, ದೀಪ ಇಳಿಸಿ ನೋಡಿ ಆಮೇಲೆ ಮನುಷ್ಯ ಇಳಿಯುತ್ತಿದ್ದ. ನಗರದಲ್ಲಿ ಆ ಹಗೇವಿನ ಹೆಸರು ಸಂಪ್. ಹೊಸ ಮನೆಯ ನೀರಿನ ಸಂಪಿನ ಸ್ಲ್ಯಾಬ್ ಹಾಕಿ ಎರಡು ಮೂರು ವಾರ ಮುಚ್ಚಿಟ್ಟು, ಆಮೇಲೆ ಸೆಂಟ್ರಿಂಗ್ ಹಲಗೆ ಬಿಚ್ಚಲು ಒಬ್ಬನನ್ನು ಇಳಿಸುತ್ತಾರೆ. ಒಳಗೆ ಹಸಿ ಮರ ಕೊಳೆಯುತ್ತ ಆಮ್ಲಜನಕವನ್ನು ಕುಡಿದು ಮುಗಿಸಿರುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21ರಷ್ಟು. ಅದು ಹತ್ತರ ಕೆಳಗಿಳಿದರೆ ಮನುಷ್ಯ ಕೂಗಲೂ ಆಗದೆ ಕುಸಿಯುತ್ತಾನೆ. ವಾಸನೆಯಿಲ್ಲ, ಹೊಗೆಯಿಲ್ಲ, ಮುನ್ಸೂಚನೆಯಿಲ್ಲ. ಮ್ಯಾನ್‌ಹೋಲು, ಶೌಚ ಗುಂಡಿಗಳಲ್ಲಾದರೆ ಇದರ ಜತೆ ವಿಷಗಾಳಿಯೂ ಸೇರುತ್ತದೆ. ಅಲ್ಲಿ ದೀಪ ಇಳಿಸಿ ನೋಡುವುದೂ ತಪ್ಪು, ಉರಿಯುವ ಅನಿಲ ಹೊತ್ತಿಕೊಂಡೀತು. ರಕ್ಷಣೆಯ ಸಲಕರಣೆಯಿಲ್ಲದೆ ಅವನ್ನು ಶುಚಿ ಮಾಡಲು ಮನುಷ್ಯರನ್ನು ಇಳಿಸುವುದೇ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ.

ಸಂಪಿನ ಸಾವಿನಲ್ಲಿ ಗುಳೆ ಹೋದವರಿಗೇ ವಿಶೇಷವಾಗಿ ತಟ್ಟುವ ಒಂದು ಸಂಗತಿ ಇದೆ. ಗುಳೆ ಹೋಗುವುದು ಒಂಟಿಯಾಗಿ ಅಲ್ಲ. ಅಣ್ಣ, ತಮ್ಮ, ಮಾವ, ಅಳಿಯ, ಅತ್ತೆಯ ಮಗ ಒಂದೇ ಗುಂಪಿನಲ್ಲಿರುತ್ತಾರೆ. ಒಳಗೆ ಬಿದ್ದವನು ಸ್ವಂತ ತಮ್ಮ. ಮೇಲೆ ನಿಂತ ಅಣ್ಣ ಒಂದು ಕ್ಷಣವೂ ಯೋಚಿಸದೆ ಹಾರುತ್ತಾನೆ. ಅವನ ಹಿಂದೆ ಮಾವ. ಒಬ್ಬ ಸಾಯಬೇಕಾದಲ್ಲಿ ಮೂವರ ಹೆಣ ಒಂದೇ ಅಂಗಳಕ್ಕೆ ಬರುತ್ತದೆ. ಇದು ಧೈರ್ಯದ ಸಾವು, ಪ್ರೀತಿಯ ಸಾವು. ಆ ಕ್ಷಣದಲ್ಲಿ ಯಾರ ಬುದ್ಧಿಯೂ ಓಡುವುದಿಲ್ಲ. ಆದ್ದರಿಂದ ಆ ಕ್ಷಣ ಬರುವ ಮೊದಲೇ, ಊರಿನ ಕಟ್ಟೆಯ ಮೇಲೆ ಕೂತಿರುವಾಗಲೇ ಒಬ್ಬರಿಗೊಬ್ಬರು ಮಾತು ಕೊಟ್ಟುಕೊಂಡಿರಬೇಕು: 'ನಾ ಬಿದ್ರ ನೀ ಇಳೀಬ್ಯಾಡ. ಹಗ್ಗ ಹಾಕು, ಗಾಳಿ ಹಾಕು, ಮಂದೀನ ಕರಿ.' ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೊಬ್ಬ ಅದನ್ನು ಹಿಡಿದು ನಿಂತಿದ್ದರೆ ಇಳಿಯದೆಯೇ ಎಳೆದುಕೊಳ್ಳಬಹುದು. ಅದಕ್ಕಿಂತ ಮೊದಲು ಮುಚ್ಚಳಗಳನ್ನೆಲ್ಲ ತೆಗೆದು, ಫ್ಯಾನ್ ಇಟ್ಟು ತಾಸುಗಟ್ಟಲೆ ಗಾಳಿ ಹಾಯಿಸಬೇಕು.

ಎತ್ತರದಿಂದ ಬೀಳುವುದು ಕಟ್ಟಡದ ಕೆಲಸದಲ್ಲಿ ಜೀವ ಹೋಗುವ ದೊಡ್ಡ ದಾರಿ. ಇದರ ಬಗ್ಗೆ ಮಾತಾಡುವವರು ಹೆಲ್ಮೆಟ್, ಬೆಲ್ಟ್ ಎಂದು ನಿಲ್ಲಿಸಿಬಿಡುತ್ತಾರೆ. ನನಗೆ ಅದು ಸಮಾಧಾನ ಕೊಡುವುದಿಲ್ಲ. ಬೆಲ್ಟು ಕೊನೆಯ ಕಾವಲು, ಮೊದಲನೆಯದಲ್ಲ. ಸ್ಲ್ಯಾಬಿನ ಅಂಚಿಗೆ ಕಟಾಂಜನ ಇದ್ದರೆ, ಲಿಫ್ಟಿನ ಗುಂಡಿಗೆ ಹಲಗೆ ಮುಚ್ಚಿದ್ದರೆ, ಸಾರುವೆಯ ಮೇಲೆ ಒಂದು ಹಲಗೆಯ ಬದಲು ಮೂರು ಹಲಗೆ ಕಟ್ಟಿದ್ದರೆ, ಬೀಳುವ ಪ್ರಸಂಗವೇ ಕಡಿಮೆ. ಅದು ಮಾಲೀಕನ, ಬಿಲ್ಡರನ ಕೆಲಸ. ಕಟಾಂಜನಕ್ಕೆ ಖರ್ಚಾಗುತ್ತದೆಂದು ಬೆಲ್ಟು ಕೊಟ್ಟು ಕೈ ತೊಳೆದುಕೊಳ್ಳುವವರಿದ್ದಾರೆ. ಆ ಬೆಲ್ಟಿನ ಕೊಂಡಿಯನ್ನಾದರೂ ಎಲ್ಲಿ ಸಿಕ್ಕಿಸಬೇಕು? ತಾನು ನಿಂತ ಸಾರುವೆಗೇ ಸಿಕ್ಕಿಸಿದರೆ ಸಾರುವೆಯ ಜತೆ ಮನುಷ್ಯನೂ ಬೀಳುತ್ತಾನೆ. ತಲೆಗಿಂತ ಮೇಲೆ, ಕಟ್ಟಡದ ಗಟ್ಟಿ ಭಾಗಕ್ಕೆ ಸಿಕ್ಕಿಸಬೇಕು. ಹೆಲ್ಮೆಟ್ಟಿನ ಗದ್ದದ ಪಟ್ಟಿ ಬಿಗಿಯದಿದ್ದರೆ ಬೀಳುವಾಗ ತಲೆಗಿಂತ ಮೊದಲು ಹೆಲ್ಮೆಟ್ಟೇ ಹಾರಿಹೋಗುತ್ತದೆ.

ಕರೆಂಟಿನ ವಿಷಯಕ್ಕೆ ಒಂದು ಚಿತ್ರ ಸಾಕು. ಪ್ಲಗ್ ಇಲ್ಲದ ವೈರಿನ ಎರಡು ತುದಿ ಸುಲಿದು ಸಾಕೆಟ್ಟಿಗೆ ತೂರಿಸಿ ಬೆಂಕಿಕಡ್ಡಿ ತುರುಕಿ ಬಿಗಿ ಮಾಡಿರುವುದನ್ನು ನೀವೂ ನೋಡಿರುತ್ತೀರಿ. ಆ ವೈರು ನೀರು ನಿಂತ ನೆಲದ ಮೇಲೆ ಹಾದು ಕ್ಯೂರಿಂಗ್ ಮೋಟರಿಗೆ ಹೋಗಿರುತ್ತದೆ. ಇನ್ನು ಸಿಮೆಂಟು. ಅದು ಚರ್ಮ 'ತಿನ್ನುತ್ತದೆ' ಎಂದು ಹೆಣ್ಣುಮಕ್ಕಳು ಹೇಳುವ ಮಾತು ರಸಾಯನಶಾಸ್ತ್ರದ ಪ್ರಕಾರವೂ ನಿಜ. ಹಸಿ ಸಿಮೆಂಟು ಸುಣ್ಣದಷ್ಟೇ ಪ್ರಖರ ಕ್ಷಾರ, ಸುಡುತ್ತದೆ. ಅದರಲ್ಲಿರುವ ಕ್ರೋಮಿಯಂನಿಂದ ಕೆಲವರಿಗೆ ವರ್ಷಗಟ್ಟಲೆ ವಾಸಿಯಾಗದ ಕಜ್ಜಿಯಾಗುತ್ತದೆ. ಗಮ್‌ಬೂಟು, ಕೈಗವಸು, ಆಗಾಗ ಶುದ್ಧ ನೀರಿನಲ್ಲಿ ಕೈಕಾಲು ತೊಳೆಯುವುದು, ಇವು ದೊಡ್ಡ ಖರ್ಚಿನ ಮಾತಲ್ಲ.

ಬಿಸಿಲಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಏಕೆಂದರೆ ಇದರಲ್ಲಿ ನಮಗೊಂದು ಜಂಬವಿದೆ. ರಾಯಚೂರಿನವರಿಗೆ ಬಿಸಿಲು ಏನು ಮಾಡೀತು ಎನ್ನುತ್ತೇವೆ. ದೇಹ ಬಿಸಿಲಿಗೆ ಒಗ್ಗಿಕೊಳ್ಳುತ್ತದೆ ಎಂಬುದು ನಿಜ. ಅದಕ್ಕೆ ಒಂದರಿಂದ ಎರಡು ವಾರ ಬೇಕು. ಆಗ ಬೆವರು ಬೇಗ ಬರುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆ ಹೋಗುತ್ತದೆ, ಗುಂಡಿಗೆಗೆ ಹೊರೆ ಇಳಿಯುತ್ತದೆ. ಆದರೆ ಆ ಒಗ್ಗಿಕೆ ಶಾಶ್ವತವಲ್ಲ. ಕೆಲವೇ ವಾರ ತಂಪಿನಲ್ಲಿದ್ದರೆ ಕಳೆದುಹೋಗುತ್ತದೆ. ಬೆಂಗಳೂರಿನಲ್ಲಿ ಮೂರು ತಿಂಗಳು ದುಡಿದು ಯುಗಾದಿಗೆ ಊರಿಗೆ ಬಂದವನು ಹಬ್ಬದ ಮರುದಿನವೇ ಹೊಲಕ್ಕೋ ಹೂಳೆತ್ತುವ ಕೆಲಸಕ್ಕೋ ನಿಂತರೆ, ಅವನು ರಾಯಚೂರಿನವನು ಎಂಬುದು ಅವನ ದೇಹಕ್ಕೆ ನೆನಪಿರುವುದಿಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ತನ್ನ ದೇಶದ ಬಿಸಿಲಿನ ಸಾವುಗಳನ್ನು ಪರಿಶೀಲಿಸಿದಾಗ ಸುಮಾರು ಅರ್ಧದಷ್ಟು ಸಾವು ಕೆಲಸದ ಮೊದಲ ದಿನವೇ ಆಗಿರುವುದು, ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಮೊದಲ ವಾರದಲ್ಲಿ ಆಗಿರುವುದು ಕಂಡುಬಂತು. ಆದ್ದರಿಂದ ಹೊಸಬನಿಗೆ ಮೊದಲ ದಿನ ಬಿಸಿಲಿನಲ್ಲಿ ಐದನೆಯ ಒಂದು ಪಾಲು ಕೆಲಸ ಸಾಕು, ದಿನಕ್ಕೆ ಅಷ್ಟಷ್ಟೇ ಹೆಚ್ಚಿಸಿ ಎಂದು ಅಲ್ಲಿಯವರು ಹೇಳುತ್ತಾರೆ. ನಮ್ಮಲ್ಲಿ ಮೊದಲ ದಿನವೇ ಹೆಚ್ಚು ಮೈಮುರಿದು ಮೇಸ್ತ್ರಿಯ ಮೆಚ್ಚುಗೆ ಗಳಿಸಬೇಕು.

ತಲೆ ಸುತ್ತುವುದು, ವಾಂತಿ, ಕಾಲು ಸೆಟೆತ ಬಂದರೆ ನೆರಳಿಗೆ ಕೂಡಿಸಿ ನೀರು ಕುಡಿಸಬೇಕು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹಾಕಿದ ಮಜ್ಜಿಗೆ, ಅಂಬಲಿಯೂ ಒಳ್ಳೆಯದೇ. ಆದರೆ ಮನುಷ್ಯ ತೊದಲಲು, ತಡಬಡಾಯಿಸಲು, ಹುಚ್ಚುಹುಚ್ಚಾಗಿ ಮಾತಾಡಲು ಶುರುಮಾಡಿದರೆ ಅದು ಸಾವಿನ ಬಾಗಿಲು. ಬಾಯಿಗೆ ನೀರು ಹಾಕಬಾರದು, ಮೈಗೆ ಸುರಿಯಬೇಕು. ಬಟ್ಟೆ ಸಡಿಲಿಸಿ, ಮೈ ತುಂಬ ನೀರು ಹಾಕಿ, ಗಾಳಿ ಬೀಸುತ್ತ, 108ಕ್ಕೆ ಫೋನ್ ಮಾಡಬೇಕು. ಮೊದಲು ತಣ್ಣಗಾಗಿಸುವುದು, ಆಮೇಲೆ ಸಾಗಿಸುವುದು.

ಇದಕ್ಕೇ ಹೊಂದಿಕೊಂಡ ಇನ್ನೊಂದು ಸಂಗತಿಯನ್ನು ಗಂಡಸರ ಸಭೆಯಲ್ಲಿ ಯಾರೂ ಎತ್ತುವುದಿಲ್ಲ. ಕಟ್ಟಡದ ಜಾಗದಲ್ಲಿ ಶೌಚಾಲಯವಿಲ್ಲ. ಇದ್ದರೂ ಬಾಗಿಲಿಲ್ಲ. ಆದ್ದರಿಂದ ಹೆಣ್ಣುಮಕ್ಕಳು ಬೆಳಗಿನಿಂದ ನೀರೇ ಕುಡಿಯುವುದಿಲ್ಲ, ಕತ್ತಲಾಗುವುದನ್ನು ಕಾಯುತ್ತಾರೆ. ಬಿಸಿಲಿನಲ್ಲಿ ಬುಟ್ಟಿ ಹೊರುವ ದೇಹಕ್ಕೆ ಇದು ಎಂಥ ಶಿಕ್ಷೆ! ಉರಿಮೂತ್ರ, ಮೂತ್ರಪಿಂಡದ ತೊಂದರೆ, ಮೊದಲೇ ಇರುವ ರಕ್ತಹೀನತೆ. 'ಸಾಕಷ್ಟು ನೀರು ಕುಡಿಯಿರಿ' ಎಂದು ಬೋರ್ಡು ಬರೆಯುವವರು ಅದರ ಪಕ್ಕದಲ್ಲಿ ಚಿಲಕವಿರುವ ಒಂದು ಬಾಗಿಲನ್ನು ಹಚ್ಚದಿದ್ದರೆ ಆ ಬೋರ್ಡಿನಿಂದ ಹೆಣ್ಣುಮಕ್ಕಳಿಗೆ ಏನೂ ಉಪಯೋಗವಿಲ್ಲ.

ಎಲ್ಲ ತಿಳಿದ ಮೇಲೂ ಒಂದು ಗೋಡೆ ಉಳಿಯುತ್ತದೆ. ಅದು ಮುಂಗಡ. ಮಗಳ ಮದುವೆಗೋ ಆಸ್ಪತ್ರೆಗೋ ಮೇಸ್ತ್ರಿಯ ಬಳಿ ರೊಕ್ಕ ತಂದವನು 'ಈ ಸಾರುವೆ ಗಟ್ಟಿ ಇಲ್ಲ, ನಾ ಏರಂಗಿಲ್ಲ' ಎನ್ನಲಾರ. ಸುರಕ್ಷತೆಯ ಶಿಕ್ಷಣ ಎಂದರೆ ಅಪಾಯ ಗುರುತಿಸುವುದನ್ನು ಕಲಿಸುವುದಷ್ಟೇ ಆದರೆ, ಗುರುತಿಸಿಯೂ ಬಾಯಿ ಬಿಡಲಾಗದವನ ಎದೆಯ ಮೇಲೆ ಇನ್ನೊಂದು ಭಾರ ಹೇರಿದಂತೆ. ಒಬ್ಬನೇ ಹೇಳಿದರೆ ಕೆಲಸ ಹೋಗುತ್ತದೆ. ಗುಂಪಿನ ಹದಿನೈದು ಜನ ಒಟ್ಟಿಗೆ ಹೇಳಿದರೆ ಮೇಸ್ತ್ರಿ ಹಲಗೆ ತರಿಸುತ್ತಾನೆ. ಗುಳೆಯ ಗುಂಪು ಬಂಧುಬಳಗದ್ದು ಎಂದೆನಲ್ಲ, ಸಂಪಿನಲ್ಲಿ ಸಾವನ್ನು ಹೆಚ್ಚಿಸುವ ಅದೇ ನಂಟು ಇಲ್ಲಿ ಬಲವೂ ಆಗಬಲ್ಲದು. ಆದರೆ ಆ ಒಗ್ಗಟ್ಟಿನ ಮಾತು ಊರಿನಲ್ಲೇ ಆಗಿರಬೇಕು. ಪರಊರಿನ ಶೆಡ್ಡಿನಲ್ಲಿ ಹೊಟ್ಟೆಯ ಚಿಂತೆಯ ನಡುವೆ ಅದು ಹುಟ್ಟುವುದು ಕಷ್ಟ.

ದೂರದೇಶದ ಒಂದು ಅನುಭವ ಇಲ್ಲಿ ನೆನಪಾಗುತ್ತದೆ. ಅಮೆರಿಕದ ನಗರಗಳಲ್ಲಿ ಮೆಕ್ಸಿಕೊ, ಗ್ವಾಟೆಮಾಲಾ ಮುಂತಾದ ಕಡೆಯಿಂದ ಬಂದ ದಿನಗೂಲಿಗಳು ಬೆಳಿಗ್ಗೆ ರಸ್ತೆ ಮೂಲೆಯಲ್ಲಿ, ಹಾರ್ಡ್‌ವೇರ್ ಅಂಗಡಿಗಳ ಮುಂದೆ ನಿಂತು ಕೆಲಸಕ್ಕೆ ಕಾಯುತ್ತಾರೆ. ನಮ್ಮ ರಾಯಚೂರಿನ ಸರ್ಕಲ್ಲುಗಳಲ್ಲಿ ಬುತ್ತಿ ಚೀಲ ಹಿಡಿದು ನಿಲ್ಲುವವರಂತೆಯೇ. 2006ರಲ್ಲಿ ಪ್ರಕಟವಾದ ಒಂದು ರಾಷ್ಟ್ರವ್ಯಾಪಿ ಅಧ್ಯಯನ ಅಂಥ ಐವರಲ್ಲಿ ಒಬ್ಬರು ಕೆಲಸದಲ್ಲಿ ಗಾಯಗೊಂಡಿದ್ದಾರೆ ಎಂದು ಕಂಡುಕೊಂಡಿತು. ಅಲ್ಲಿ ಕಾರ್ಮಿಕ ಕೇಂದ್ರಗಳು ಹುಟ್ಟಿಕೊಂಡವು. ಅವುಗಳ ಪಾಠದ ರೀತಿ ನನಗೆ ಹಿಡಿಸಿತು. ಅಧಿಕಾರಿ ಬಂದು ಭಾಷಣ ಮಾಡುವುದಿಲ್ಲ. ಗಾಯಗೊಂಡು ಬದುಕಿದ ಕೂಲಿಕಾರನೇ ತರಬೇತಿ ಪಡೆದು ಉಳಿದವರಿಗೆ ಕಲಿಸುತ್ತಾನೆ, ಅವರದೇ ಮಾತಿನಲ್ಲಿ, ಚಿತ್ರ ತೋರಿಸಿ, ನಾಟಕ ಆಡಿಸಿ. ಓದು ಬರಹದ ಹಂಗಿಲ್ಲ.

ನಮ್ಮಲ್ಲಿ ಮಾರ್ಚ್ 4ರಂದು ರಾಷ್ಟ್ರೀಯ ಸುರಕ್ಷತಾ ದಿನ ಆಚರಿಸುತ್ತೇವೆ. ಶಕ್ತಿನಗರದ ವಿದ್ಯುತ್ ಸ್ಥಾವರ, ಹಟ್ಟಿಯ ಚಿನ್ನದ ಗಣಿಯಂಥ ದೊಡ್ಡ ಕೆಲಸದ ಜಾಗಗಳಿಗೆ ಅಂಥ ಆಚರಣೆ ಒಪ್ಪುತ್ತದೆ. ಗುಳೆ ಹೋದವನಿಗೆ ಆ ದಿನ ಯಾವುದೋ ಲೇಬರ್ ಶೆಡ್ಡಿನಲ್ಲಿ ಮತ್ತೊಂದು ದಿನ ಅಷ್ಟೆ. ಅವನು ಊರಲ್ಲಿ ಸಿಗುವುದು ಯುಗಾದಿಗೆ, ಊರ ಜಾತ್ರೆಗೆ, ಮೊಹರಂಗೆ. ಮುದಗಲ್ಲಿನ ಮೊಹರಂಗೆ ಎಲ್ಲೆಲ್ಲಿಂದಲೋ ದುಡಿಯಲು ಹೋದವರು ಬಂದು ಸೇರುತ್ತಾರೆ. ಪಾಠದ ಕ್ಯಾಲೆಂಡರು ಆ ಹಬ್ಬಗಳದೇ ಆಗಬೇಕು. ಕಲಿಸಲು ಹೊರಗಿನಿಂದ ಯಾರೂ ಬರಬೇಕಿಲ್ಲ. ಊರಲ್ಲೇ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡು ಬಂದವನಿದ್ದಾನೆ. ಹತ್ತು ವರ್ಷ ಗಾರೆ ಕೆಲಸ ಮಾಡಿ ಬಂದ ಹಿರಿಯಕ್ಕ ಇದ್ದಾಳೆ. ಉದ್ಯೋಗ ಖಾತ್ರಿಯಲ್ಲಿ ಕಾಯಕ ಬಂಧುವಾಗಿ ದುಡಿದವರಿದ್ದಾರೆ. ಕೆಲಸದ ಜಾಗದಲ್ಲಿ ಕುಡಿಯುವ ನೀರು, ನೆರಳು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಲೇಬೇಕೆಂದು 2005ರ ಕಾಯ್ದೆ ಹೇಳಿದ್ದನ್ನು ಅವರು ಬಲ್ಲರು. ಊರ ಕೆರೆಯ ಹೂಳೆತ್ತುವಾಗ ನೆರಳು ಕೇಳಿದವಳು ಬೆಂಗಳೂರಿನ ಬಿಲ್ಡರನ ಬಳಿಯೂ ಕೇಳಬಲ್ಲಳು. ಪಂಚಾಯಿತಿಯ ಅರಿವು ಕೇಂದ್ರ ಇದೆ, ಆಶಾ ಕಾರ್ಯಕರ್ತೆ ಇದ್ದಾಳೆ, ಭಜನಾ ಮಂಡಳಿ ಇದೆ. ಇವರನ್ನೆಲ್ಲ ಒಂದು ಸಂಜೆ ಕೂಡಿಸುವ ಮನಸ್ಸು ಬೇಕು.

ಕನ್ನಡಿಯ ಇನ್ನೊಂದು ಬದಿಯನ್ನೂ ನೋಡಬೇಕು. ನಮ್ಮವರು ಹೊರಗೆ ಹೋಗುವಾಗಲೇ ಬಿಹಾರ, ಉತ್ತರ ಪ್ರದೇಶದವರು ರಾಯಚೂರಿನ ಅಕ್ಕಿ ಗಿರಣಿಗಳಿಗೆ, ಕಟ್ಟಡಗಳಿಗೆ ಬಂದಿದ್ದಾರೆ. ಯಂತ್ರದ ಮೇಲೆ ಕನ್ನಡದಲ್ಲಿ ಬರೆದ ಎಚ್ಚರಿಕೆ ಅವರಿಗೆ ಏನು ಹೇಳೀತು? ಪುಣೆಯಲ್ಲಿ ಮರಾಠಿ ಫಲಕದ ಮುಂದೆ ನಮ್ಮ ಹುಡುಗ ನಿಂತಿರುವುದೂ ಹೀಗೆಯೇ. ಊರಲ್ಲೇ ಉಳಿದವರಿಗೂ ಕುತ್ತು ತಪ್ಪಿಲ್ಲ. ಹತ್ತಿಗೆ, ಮೆಣಸಿನಕಾಯಿಗೆ ಎಣ್ಣೆ ಹೊಡೆಯುವ ಕೂಲಿಗೆ ಮೂಗಿಗೆ ಕಟ್ಟಿದ ಟವಲ್ಲೇ ರಕ್ಷಣೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆದು ಇಪ್ಪತ್ತಕ್ಕೂ ಹೆಚ್ಚು ರೈತರು, ಕೂಲಿಗಳು ಸತ್ತರು. ಕೀಟನಾಶಕದ ಡಬ್ಬಿಯ ಮೇಲಿನ ಬಣ್ಣದ ತ್ರಿಕೋನ ನೋಡುವುದನ್ನು ಓದು ಬಾರದವರಿಗೂ ಕಲಿಸಬಹುದು. ಕೆಂಪು ಅತಿ ಘೋರ ವಿಷ, ಹಳದಿ ಅದರ ನಂತರದ್ದು, ಆಮೇಲೆ ನೀಲಿ, ಹಸಿರು. ನೀಲಿ ಎಂದರೆ ನಿರಪಾಯ ಎಂದುಕೊಂಡವರಿದ್ದಾರೆ. ಅದೂ ವಿಷವೇ. ಗಾಳಿಗೆ ಎದುರಾಗಿ ಹೊಡೆಯಬಾರದು, ನೆನೆದ ಅಂಗಿಯಲ್ಲೇ ದಿನ ಕಳೆಯಬಾರದು.

ಕೆಲವು ರೋಗ ಬಿದ್ದ ಗಾಯದಂತೆ ಅಂದೇ ಕಾಣುವುದಿಲ್ಲ. ಕಲ್ಲು ಕೊರೆಯುವ, ಗ್ರಾನೈಟ್, ಟೈಲ್ಸ್ ಕತ್ತರಿಸುವ, ಕ್ರಷರಿನ ಕೆಲಸದಲ್ಲಿ ಏಳುವ ನುಣುಪು ದೂಳು ಪುಪ್ಪುಸದಲ್ಲಿ ಕೂತು ಅದನ್ನು ಗಟ್ಟಿ ಮಾಡುತ್ತದೆ. ಸಿಲಿಕೋಸಿಸ್ ಎಂಬ ಆ ರೋಗಕ್ಕೆ ಮದ್ದಿಲ್ಲ. ಮಧ್ಯಪ್ರದೇಶದ ಅಲಿರಾಜಪುರ, ಝಾಬುವಾ ಕಡೆಯ ಆದಿವಾಸಿಗಳು ಗುಜರಾತಿನ ಗೋಧ್ರಾ ಬಳಿಯ ಕಲ್ಲುಪುಡಿ ಗಿರಣಿಗಳಿಗೆ ಗುಳೆ ಹೋಗಿ, ಕೆಮ್ಮುತ್ತ ಊರಿಗೆ ಬಂದು ಸತ್ತರು. 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅಂಥ 238 ಜನರ ಕುಟುಂಬಗಳಿಗೆ ತಲಾ 3 ಲಕ್ಷ ರೂಪಾಯಿ ಕೊಡಲು ಗುಜರಾತ್ ಸರ್ಕಾರಕ್ಕೆ ಆದೇಶಿಸಿತು. ಅವರಲ್ಲಿ ಎಷ್ಟೋ ಜನಕ್ಕೆ ಮೊದಲು ಸಿಕ್ಕ ಹೆಸರು ಕ್ಷಯ. ನಮ್ಮ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ಕೆಮ್ಮು ಹೊತ್ತು ತಂದವರು ಬರುತ್ತಾರೆ. 1700ರಲ್ಲಿ ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಝಿನಿ ಕಸುಬಿನ ರೋಗಗಳ ಬಗ್ಗೆ ಪುಸ್ತಕ ಬರೆದು, ರೋಗಿಯನ್ನು ಕೇಳುವ ಪ್ರಶ್ನೆಗಳಿಗೆ ಅವನ ಕಸುಬು ಯಾವುದು ಎಂಬುದನ್ನೂ ಸೇರಿಸಬೇಕು ಎಂದ. ಮುನ್ನೂರು ವರ್ಷ ದಾಟಿದವು. 'ಎಲ್ಲಿ ದುಡಿಯಾಕ ಹೋಗಿದ್ದಿಪಾ, ಏನ್ ಕೆಲಸ ಮಾಡ್ತಿದ್ದಿ?' ಎಂದು ನಮ್ಮ ಹೊರರೋಗಿ ಚೀಟಿಯಲ್ಲಿ ಒಂದು ಸಾಲು ಸೇರಿಸಲು ಇನ್ನೆಷ್ಟು ದಿನ ಬೇಕು? ಟೈಲ್ಸ್ ಕತ್ತರಿಸುವಾಗ ಬ್ಲೇಡಿಗೆ ನೀರು ಬಿಟ್ಟರೆ ಏಳುವ ದೂಳು ಬಹಳ ಕಡಿಮೆಯಾಗುತ್ತದೆ. ಒಂದು ಬಾಟಲಿ ನೀರಿನ ಮಾತು.

ಕೊನೆಗೆ, ಬುತ್ತಿ ಕಟ್ಟುವ ಮನೆಗೇ ಮರಳುತ್ತೇನೆ. ಕೆಲಸದಲ್ಲಿ ಸಾವಾದರೆ ಸಿಗಬೇಕಾದ ಪರಿಹಾರಕ್ಕೆ 1923ರಿಂದ ಕಾನೂನಿದೆ, ಈಗ ಅದು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸುವುದು ಅದರ ಕ್ರಮ. ಮೂವತ್ತು ವಯಸ್ಸಿನವನಿಗೆ ಆ ಅಂಕಿ 207.98. ತಿಂಗಳ ಕೂಲಿಯನ್ನು 15,000 ಎಂದು ಹಿಡಿದರೆ 15,59,850 ರೂಪಾಯಿ. ಗುತ್ತೇದಾರ ಕೈಯೆತ್ತಿದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೇ ಕೊಡಬೇಕು. ದಾವೆಯನ್ನು ಬೆಂಗಳೂರಿಗೆ ಅಲೆದು ಹಾಕಬೇಕಿಲ್ಲ, ಸತ್ತವರ ಕುಟುಂಬ ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು. ಇದು ತಿಳಿಯದ ಮನೆಗೆ ಆಂಬುಲೆನ್ಸಿನಲ್ಲಿ ಹೆಣದ ಜತೆ ಒಂದಿಷ್ಟು ನಗದು ಬರುತ್ತದೆ, ಒಂದು ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು ಆಂಬುಲೆನ್ಸು ಹೋಗುತ್ತದೆ.

ತಿಳಿದವರೂ ಸೋಲುವುದು ಬೇರೊಂದು ಕಡೆ. ಎಲ್ಲಿ ಕೆಲಸ ಮಾಡುತ್ತಿದ್ದ? ಬೆಂಗಳೂರಲ್ಲಿ. ಬೆಂಗಳೂರಲ್ಲಿ ಎಲ್ಲಿ? ಗೊತ್ತಿಲ್ರಿ. ಮಾಲೀಕ ಯಾರು? ಮೇಸ್ತ್ರಿಗೆ ಗೊತ್ತು. ಮೇಸ್ತ್ರಿಯ ಫೋನು ಬಂದ್.

ಅದಕ್ಕೆ ನಾನು ಕಂಡಲ್ಲೆಲ್ಲ ಹೇಳುತ್ತಿರುವುದು ಇಷ್ಟು. ಹೋಗಿ ಮುಟ್ಟಿದ ಮೊದಲ ಭಾನುವಾರ ಕಟ್ಟಡದ ಮುಂದಿನ ಬೋರ್ಡಿನ ಫೋಟೊ ತೆಗೆದು ಊರಿಗೆ ಕಳಿಸಿ. ಮಾಲೀಕನ ಹೆಸರು, ಗುತ್ತೇದಾರನ ಹೆಸರು, ಮೇಸ್ತ್ರಿಯ ನಂಬರು, ದಿನದ ಕೂಲಿ, ಹತ್ತಿರದ ಬಸ್ ಸ್ಟಾಪು. ಊರಲ್ಲಿರುವ ಮಗ ಇವನ್ನೆಲ್ಲ ತನ್ನ ನೋಟ್‌ಬುಕ್ಕಿನ ಒಂದು ಹಾಳೆಯ ಮೇಲೆ ದುಂಡಗೆ ಬರೆಯಲಿ. ಜತೆಗೆ ಕಾರ್ಮಿಕ ಸಹಾಯವಾಣಿಯ ನಂಬರು, 155214. ಹದಿನೆಂಟರಿಂದ ಅರವತ್ತು ವಯಸ್ಸಿನೊಳಗಿದ್ದು, ವರ್ಷದಲ್ಲಿ ತೊಂಬತ್ತು ದಿನ ಕಟ್ಟಡದ ಕೆಲಸ ಮಾಡಿದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಲೇಬರ್ ಕಾರ್ಡಿಗೆ ಅರ್ಜಿ ಹಾಕಬಹುದು. ಕಾರ್ಡು ಮಾಡಿಸಿದ್ದರೆ ಅದರ ನಕಲೂ ಇರಲಿ. ಅಜ್ಜಿ ಆ ಹಾಳೆಯನ್ನು ರೇಷನ್ ಕಾರ್ಡಿನ ನಡುವೆ ಮಡಚಿ, ಟ್ರಂಕಿನಲ್ಲಿ ಸೀರೆಯ ಕೆಳಗೆ ಇಟ್ಟುಕೊಳ್ಳಲಿ. ಓದಲು ಬಾರದಿದ್ದರೂ ಅದು ಯಾವ ಕಾಗದ ಎಂದು ಆಕೆಗೆ ಗೊತ್ತಿದ್ದರೆ ಸಾಕು.